ಚಿತ್ರಕ್ಕೆ ಬಹುಮಾನ ಕೊಡದ ಮೇಡಂ

ಕಾರ್ಡು ಬಂದಾಗ ನಾನು ಆಗಷ್ಟೇ ಸ್ಕೂಲಿನಿಂದ ಬಂದಿದ್ದೆ, ಕಾಲು ಕೂಡ ತೊಳೆದಿರಲಿಲ್ಲ. ಕಳಿಸಿದವರು ನಂಜನಗೂಡಿನ ಒಂದು ಸಂಸ್ಥೆಯವರು. ಹೆಸರು ಬರೆಯುವುದಿಲ್ಲ, ಬರೆದರೆ ಅದನ್ನೂ ಪ್ರಚಾರ ಅಂದುಕೊಳ್ಳುವ ಜನ ಅವರು. ಮೇಡಂ ತೀರಿಕೊಂಡು ವರ್ಷವಾಗುತ್ತಾ ಬಂತಲ್ಲ, ಅವರ ಸ್ಮರಣಾರ್ಥ ಚಿತ್ರಕಲಾ ಸ್ಪರ್ಧೆಯಂತೆ. ವಿಷಯ ಮನಶ್ಶಾಂತಿ. ಪ್ರಥಮ, ದ್ವಿತೀಯ, ತೃತೀಯ, ಜೊತೆಗೆ ಸಮಾಧಾನಕರ ಬಹುಮಾನಗಳು. ಮುಖ್ಯ ಅತಿಥಿಗಳ ಹೆಸರು ಮೇಡಂ ಹೆಸರಿಗಿಂತ ದಪ್ಪ ಅಕ್ಷರದಲ್ಲಿ. ಇಷ್ಟಕ್ಕೇ ಮೈ ಉರಿಯತೊಡಗಿತ್ತು. ಆಮೇಲೆ ಕಾರ್ಡು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಬಣ್ಣದಲ್ಲಿ ಅಚ್ಚಾಗಿದ್ದದ್ದು ಒಂದು ಕೊಟ್ಟಿಗೆಯ ಚಿತ್ರ. ನೀಲಿ ಬಾಗಿಲು, ಹೊರಗಿನಿಂದ ಹಾಕಿದ ಚಿಲಕ, ಬಾಗಿಲ ಸಂದಿಯಲ್ಲಿ ಕೆಂಪಗೆ ಒಂದು ಚೂರು.

ಆ ಚಿತ್ರವನ್ನು ವಾಪಸ್ ಕೊಡಿ ಎಂದು ಮೇಡಂ ಸಾಯುವವರೆಗೂ ಸಂಸ್ಥೆಯವರನ್ನು ಕೇಳುತ್ತಲೇ ಇದ್ದರು. ಅವರು ಕೊಡಲಿಲ್ಲ. ಈಗ ಅದನ್ನೇ ಮೇಡಂ ನೆನಪಿನ ಹೆಸರಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದಾರೆ. ಕಾರ್ಯಕ್ರಮದ ದಿನ ಮೂಲ ಚಿತ್ರವನ್ನು ವೇದಿಕೆಯ ಮೇಲೆ ಇಡುತ್ತೇವೆ ಎಂದು ಬೇರೆ ಬರೆದಿದ್ದರು. ನನ್ನನ್ನು ‘ಮೇಡಂ ಅವರನ್ನು ಹತ್ತಿರದಿಂದ ಬಲ್ಲವರು’ ಎಂದು ಎರಡು ಮಾತಾಡಲು ಕರೆದಿದ್ದರು. ಎರಡು ಮಾತಿನಲ್ಲಿ ತೀರುವ ಸಿಟ್ಟಾಗಿದ್ದರೆ ಈಗ ಇಷ್ಟುದ್ದ ಬರೆಯುತ್ತಾ ಕೂರುತ್ತಿರಲಿಲ್ಲ.

ಹತ್ತಿರದಿಂದ ಬಲ್ಲೆ ಎನ್ನುವುದು ನಿಜ. ಅವರ ಮುಂದೆ ಕೂತು ಚಿತ್ರ ಬರೆದವರಲ್ಲಿ ನಾನೂ ಒಬ್ಬಳು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನರಸೀಪುರ ತಾಲೂಕಿನ ಸೋಸಲೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಟೀಚರ್. ಕೋವಿಡ್‌ಗೆ ಮುಂಚೆ, ಬನ್ನೂರು ರಸ್ತೆಯಲ್ಲಿ ಕಬ್ಬು ತುಂಬಿದ ಟ್ರೈಲರೊಂದನ್ನು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಕತ್ತಲಲ್ಲಿ ನಿಲ್ಲಿಸಿ ಡ್ರೈವರ್ ಟೀ ಕುಡಿಯಲು ಹೋಗಿದ್ದ. ಬೈಕಿನಲ್ಲಿ ಬರುತ್ತಿದ್ದ ನನ್ನ ಗಂಡ ಅದಕ್ಕೆ ಗುದ್ದಿದರು. ಮನೆಗೆ ಬಂದವರೆಲ್ಲ ನನಗೆ ಹೇಳಿದ್ದು ಒಂದೇ ಮಾತು, “ಸಮಾಧಾನ ಮಾಡ್ಕೊಳ್ಳಿ.” ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಟ್ರಾಕ್ಟರಿನವನ ಮೇಲೆ, ಪೊಲೀಸಿನವರ ಮೇಲೆ, ತಿಥಿ ಊಟದಲ್ಲಿ ಸಾರಿಗೆ ಉಪ್ಪು ಸಾಲದು ಎಂದ ನೆಂಟರ ಮೇಲೆ. ಸ್ಟಾಫ್ ರೂಮಿನಲ್ಲಿ ಕುರ್ಚಿ ಎತ್ತಿ ಎಸೆದ ದಿನ ಹೆಡ್‌ಮಾಸ್ಟರು ನಮ್ಮಣ್ಣನಿಗೆ ಫೋನ್ ಮಾಡಿದರು. ಅಣ್ಣ ನನ್ನನ್ನು ನಂಜನಗೂಡಿಗೆ ಕರೆದುಕೊಂಡು ಹೋದ. ಮನಸ್ಸಿಗೆ ಕಷ್ಟ ಇರುವವರಿಗಾಗಿ ಈ ಸಂಸ್ಥೆಯವರು ಅಲ್ಲಿ ಒಂದು ಕೇಂದ್ರ ನಡೆಸುತ್ತಿದ್ದರು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಪಕ್ಕದ ಕೋಣೆ ತೋರಿಸಿ, ಅಲ್ಲಿ ಮೇಡಂ ಇದ್ದಾರೆ ಹೋಗಿ ಎಂದರು.

ಮೆತ್ತಗೆ ಮಾತಾಡುವ, ತಲೆ ಒಂದು ಕಡೆ ವಾಲಿಸಿ ಕೇಳುವ ಯಾರೋ ಇರುತ್ತಾರೆ ಎಂದುಕೊಂಡು ಹೋದೆ. ಎತ್ತರದ ಕಪ್ಪು ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಲದ ಮೇಲೆ ಕೂತು, ಬಣ್ಣದ ಡಬ್ಬಿಯ ಮುಚ್ಚಳವನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವರಿಗೆ ಇರುವಂಥ ಗಂಟಲು. ಚಿಕ್ಕಯ್ಯನಛತ್ರದ ಕಡೆಯ ಬೇಸಾಯದ ಮನೆಯವರು ಅವರು. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿ, ಬಾಯಲ್ಲಿ ಹೇಳಲಾಗದ್ದನ್ನು ಚಿತ್ರದಲ್ಲಿ, ಮಣ್ಣಿನಲ್ಲಿ ಹೊರಗೆ ತರಿಸುವ ಚಿಕಿತ್ಸೆಯನ್ನು ಬೇರೆ ಕಡೆ ಕಲಿತು ಬಂದಿದ್ದರು. ತಮಾಷೆಯೆಂದರೆ ಅವರಿಗೆ ಚಿತ್ರ ಬರುತ್ತಿರಲಿಲ್ಲ. ಅವರು ಬರೆದ ಹಸು ಮಂಚದ ಹಾಗಿರುತ್ತಿತ್ತು.

“ಕೂತ್ಕೊಳ್ಳಿ ಟೀಚರ್. ಏನಾದ್ರೂ ಬರೀರಿ,” ಎಂದು ದೊಡ್ಡ ಹಾಳೆ ತಳ್ಳಿದರು.

“ನಾನೇನು ಮಗುವಾ?”

“ನಾನೂ ಮಗು ಅಲ್ಲ. ಬೆಳಿಗ್ಗೆಯಿಂದ ಇದೇ ಕೆಲಸ ಮಾಡ್ತಿದ್ದೀನಿ.”

ಬೇಕಂತಲೇ ಬರಬರನೆ ಬರೆದುಕೊಟ್ಟೆ. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಹೊಳೆ, ಪಕ್ಕದಲ್ಲಿ ಗುಡಿಸಲು, ಒಂದು ತೆಂಗಿನ ಮರ. ಮೇಡಂ ನೋಡಿದರು. “ನರಸೀಪುರದಲ್ಲಿ ಎಲ್ಲೈತೆ ಟೀಚರ್ ಇಂಥ ಬೆಟ್ಟ?” ಎಂದರು. ನಮ್ಮ ಕಡೆ ದೊಡ್ಡವರ ಕೈಗೆ ಹಾಳೆ ಕೊಟ್ಟರೆ ಬರುವುದು ಇದೊಂದೇ ಚಿತ್ರವಂತೆ. ವಕೀಲರೂ ಇದನ್ನೇ ಬರೆಯುತ್ತಾರೆ, ಕೂಲಿಯವರೂ ಇದನ್ನೇ ಬರೆಯುತ್ತಾರೆ. “ಇದು ಇಸ್ಕೂಲಿಂದು. ಇಸ್ಕೂಲಿಗೇ ವಾಪಸ್ ಕೊಟ್ಬುಡಿ. ಬರೋ ವಾರ ನಿಮ್ದು ಬರೀರಿ.” ನನಗೆ ಎಂಥ ಅವಮಾನವಾಯಿತೆಂದರೆ, ಮುಂದಿನ ವಾರ ಜಗಳ ಆಡುವುದಕ್ಕೆಂದೇ ಹೋದೆ.

ಆ ವಾರ ಇದ್ದಿಲು ತೆಗೆದುಕೊಂಡು ಟ್ರೈಲರ್ ಬರೆದೆ. ಹಿಂಭಾಗ ಮಾತ್ರ. ಹಾಳೆ ಪೂರ್ತಿ ಕಪ್ಪು. ಅದರ ಮುಂದಿನ ವಾರವೂ ಅದೇ. ಆಮೇಲೆ ಎಷ್ಟೋ ವಾರ ಅದೊಂದೇ. ಬೇರೆ ಯಾರಾದರೂ ಆಗಿದ್ದರೆ ಸ್ವಲ್ಪ ಹಸಿರು ಹಾಕಿ, ಒಂದು ಹೂವು ಬರೆಯಿರಿ ಎನ್ನುತ್ತಿದ್ದರು. ಇವರು ಇದ್ದಿಲು ಮುಗಿದಾಗ ಇನ್ನಷ್ಟು ತಂದುಕೊಟ್ಟರು. ನಾನು ಬರೆಯುವಾಗ ಎದುರಿಗೆ ಕೂರದೆ ಪಕ್ಕದಲ್ಲಿ ಕೂರುತ್ತಿದ್ದರು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಯಾಕೆ ಹಾಗೆ ಕೂರುತ್ತೀರಿ ಎಂದು ಒಮ್ಮೆ ಕೇಳಿದೆ. “ಕೈ ಸುಮ್ನಿರಲ್ಲ. ಯಾರ ಚಿತ್ರ ನೋಡಿದ್ರೂ ಒಂದು ಗೆರೆ ನೆಟ್ಟಗೆ ಮಾಡೋಣ ಅನ್ನಿಸುತ್ತೆ. ನಾನು ನೆಟ್ಟಗೆ ಮಾಡಿಬಿಟ್ರೆ ಅದು ನನ್ನದಾಗೋಗುತ್ತೆ,” ಎಂದರು. ಅಷ್ಟು ದೊಡ್ಡ ಹೆಂಗಸು ತನ್ನ ಕೈಗಳ ಮೇಲೆ ತಾನೇ ಕೂತು ಕಾವಲು ಕಾಯುತ್ತಿದ್ದರು.

“ಸಿಟ್ಟು ಕಮ್ಮಿ ಆಗೋಕೆ ಏನಾದ್ರೂ ಹೇಳಿ ಮೇಡಂ,” ಎಂದು ಅಣ್ಣ ಒಂದು ಸಲ ಅವರನ್ನು ಕೇಳಿದ. “ಯಾಕ್ ಕಮ್ಮಿ ಆಗ್ಬೇಕು? ಅವರ ಸಿಟ್ಟಲ್ಲಿ ತಪ್ಪೇನೈತೆ? ಅದಕ್ಕೆ ಕೂರೋಕೆ ಜಾಗ ಬೇಕಷ್ಟೆ. ಹಾಳೆ ದೊಡ್ಡದೈತೆ ಬುಡಿ,” ಎಂದರು. ಅಣ್ಣನಿಗೆ ಇದು ಎಂಥ ಟ್ರೀಟ್‌ಮೆಂಟು ಎಂದು ಅನುಮಾನ ಬಂತು. ನನಗೆ ಮೊದಲ ಸಲ ಉಸಿರಾಡಿದ ಹಾಗಾಯಿತು.

ಒಂದು ದಿನ ಕೇಳಿದರು, “ಈ ಚಿತ್ರದಲ್ಲಿ ನೀವೆಲ್ಲಿದ್ದೀರಿ ಟೀಚರ್?” ನಾನಿಲ್ಲ, ಮನೆಯಲ್ಲಿದ್ದೆ ಎಂದೆ. ಹಾಗಾದರೆ ಮನೆ ಬರೆಯಿರಿ ಎಂದರು. ಬರೆಯುತ್ತಾ ಹೋದೆ. ನಡುಮನೆ, ಬಾಗಿಲು, ಬಾಗಿಲ ಹಿಂದಿನ ಮೊಳೆ, ಮೊಳೆಗೆ ನೇತುಹಾಕಿದ ಹೆಲ್ಮೆಟ್ಟು. ಅಲ್ಲಿಗೆ ಬಂದು ನನ್ನ ಕೈ ನಿಂತಿತು. ಹೆಲ್ಮೆಟ್ ಮನೆಯಲ್ಲೇ ಬಿಟ್ಟು ಹೋಗಿದ್ದರು ಅವರು. ದಿನಾ ಬಿಟ್ಟು ಹೋಗುತ್ತಿದ್ದರು, ದಿನಾ ಹೇಳುತ್ತಿದ್ದೆ. ನನ್ನ ಸಿಟ್ಟೆಲ್ಲ ಟ್ರಾಕ್ಟರಿನವನ ಮೇಲೆ ಎಂದುಕೊಂಡಿದ್ದೆ. ಸತ್ತ ಗಂಡನ ಮೇಲೆ ಹೆಂಡತಿ ಸಿಟ್ಟಾಗಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಅವತ್ತು ಅತ್ತೆ.

ಅವರ ಕೋಣೆಯಲ್ಲಿ ಯಾರ ಚಿತ್ರವನ್ನೂ ಚೆನ್ನಾಗಿದೆ ಎನ್ನುವ ಹಾಗಿರಲಿಲ್ಲ. ಕಸ ಗುಡಿಸಲು ಬಂದ ಆಯಾ ಒಮ್ಮೆ ನನ್ನ ಚಿತ್ರ ನೋಡಿ, “ಎಷ್ಟ್ ಚೆಂದಾಗಿ ಬರ್ದವ್ರೆ,” ಎಂದುಬಿಟ್ಟಳು. ಮೇಡಂ ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದ್ದು ನನಗೂ ಕೇಳಿಸಿತು. “ನೀನು ಚೆಂದ ಅಂದ್ಯಲ್ಲ, ನಾಳೆಯಿಂದ ಅವ್ರು ನಿಂಗೋಸ್ಕರ ಬರೀತಾರೆ ಕಣವ್ವ. ಅವರ ಪಾಡಿಗೆ ಬರ್ಯೋದು ನಿಂತೋಯ್ತು.” ಚಿತ್ರ ಬರೆದವರದೇ ಆಗಿತ್ತು. ಮನೆಗೆ ಒಯ್ಯಬಹುದು, ಹರಿದು ಹಾಕಬಹುದು, ಬೀರುವಿನಲ್ಲಿಟ್ಟು ಹೋಗಬಹುದು. ಬೀರುವಿನಲ್ಲಿದ್ದದ್ದನ್ನು ಡಾಕ್ಟರಿಗೆ ತೋರಿಸಬೇಕಾದರೂ ಬರೆದವರನ್ನು ಕೇಳುತ್ತಿದ್ದರು. ಸಂಸ್ಥೆಯ ಕಾರ್ಯದರ್ಶಿಗಳು, ಇಷ್ಟೊಂದು ಚಿತ್ರ ಇವೆ, ಹಾಲ್ ಗೋಡೆಗೆ ತಗುಲಿಹಾಕಬಾರದೇ ಎಂದಾಗ, “ನಿಮ್ಮ ಹೊಟ್ಟೆ ಕುಯ್ದಾಗ ತೆಗೆದ ಫೋಟೋ ಇದ್ರೆ ಕೊಡಿ ಸಾ, ಜೊತೇಲೇ ತಗಲಾಕನ,” ಎಂದಿದ್ದರು. ಹಾಗೆ ಮುಲಾಜಿಲ್ಲದೆ ಮಾತಾಡಿ ಅವರು ಸಂಪಾದಿಸಿದ ಶತ್ರುಗಳು ಕಡಿಮೆಯಿಲ್ಲ.

ಇನ್ನು ಕೊಟ್ಟಿಗೆಯ ಚಿತ್ರ ಬರೆದವಳ ವಿಷಯ. ಅವಳನ್ನು ಇಲ್ಲಿ ಮಾದೇವಿ ಎನ್ನುತ್ತೇನೆ, ನಿಜವಾದ ಹೆಸರಲ್ಲ. ಬರೆಯುವ ಮೊದಲು ಅವಳನ್ನು ಕೇಳಿದ್ದೇನೆ, ಬರೆಯಿರಿ ಎಂದಿದ್ದಾಳೆ. ಚಿಕ್ಕಯ್ಯನಛತ್ರದ ಆಚೆಯ ಹಳ್ಳಿಗೆ ಕೊಟ್ಟಿದ್ದ ಹುಡುಗಿ. ಮೊದಲ ಮಗು ಹುಟ್ಟುವಾಗಲೇ ಉಸಿರಿರಲಿಲ್ಲ. ಆಮೇಲೆ ಅವಳು ಮಾತು ಬಿಟ್ಟಳು, ಊಟ ಬಿಟ್ಟಳು, ಎದ್ದು ಎತ್ತಲೋ ನಡೆದುಬಿಡುತ್ತಿದ್ದಳು. ಗಾಳಿ ಸೋಕಿದೆ ಎಂದು ಗಂಡನ ಮನೆಯವರು ಹಗಲೆಲ್ಲ ಕೊಟ್ಟಿಗೆಯಲ್ಲಿ ಕೂಡಿ, ಹೊರಗೆ ಚಿಲಕ ಹಾಕಿ ಹೊಲಕ್ಕೆ ಹೋಗುತ್ತಿದ್ದರು. ಕೇಳಿದವರಿಗೆ ತವರಿಗೆ ಹೋಗಿದ್ದಾಳೆ ಎನ್ನುತ್ತಿದ್ದರು. ಊರಿನ ಆಶಾ ಕಾರ್ಯಕರ್ತೆ ಒಬ್ಬಳು ಬೆನ್ನು ಬಿದ್ದು, ಈ ಕೇಂದ್ರಕ್ಕೆ ಗುರುವಾರ ಗುರುವಾರ ಅವಳನ್ನು ಬರುವ ಹಾಗೆ ಮಾಡಿದ್ದಳು. ಅತ್ತೆ ಹೊರಗೆ ಬೆಂಚಿನ ಮೇಲೆ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದರು. ಮಾದೇವಿ ಒಳಗೆ ಒಂದೇ ಚಿತ್ರವನ್ನು ತಿಂಗಳುಗಟ್ಟಲೆ ಬರೆದಳು. ಮೊದಲು ಬರೀ ನೀಲಿ. ಎಷ್ಟೋ ವಾರದ ಮೇಲೆ ಅದಕ್ಕೊಂದು ಚಿಲಕ ಬಂತು. ಕೊನೆಗೆ ಸಂದಿಯಲ್ಲಿ ಕೆಂಪಗೆ ಒಂದು ಚೂರು. ಅದು ನನ್ನ ಸೀರೆ ಎಂದು ಅವಳು ಮೇಡಂಗೆ ಹೇಳಿದ ದಿನವೇ ಅವಳಿಗೆ ಮಾತು ಮರಳಿ ಬಂದದ್ದು.

ಆ ಚಿತ್ರ ಗಂಡನ ಮನೆಯವರಿಗೆ ಗೊತ್ತಿರಲಿಲ್ಲ. ಯಾವಾಗ ಹೇಳಬೇಕು, ಹೇಗೆ ಹೇಳಬೇಕು, ಹೇಳುವಾಗ ಜೊತೆಗೆ ಯಾರಿರಬೇಕು ಎಂದು ಇಬ್ಬರೂ ಕೂತು ಮಾತಾಡಿಕೊಳ್ಳುತ್ತಿದ್ದರು. ಇನ್ನು ಸ್ವಲ್ಪ ದಿನ ಎನ್ನುವಾಗ ಸಂಸ್ಥೆಯ ವಾರ್ಷಿಕೋತ್ಸವ ಬಂತು.

ನಮ್ಮ ಜನಕ್ಕೆ ಒಂದು ಚಿತ್ರವನ್ನು ಸುಮ್ಮನೆ ಇರಲು ಬಿಟ್ಟು ಗೊತ್ತಿಲ್ಲ. ಆಗಸ್ಟ್ ಹದಿನೈದಕ್ಕೆ ಸ್ಪರ್ಧೆ, ರಾಜ್ಯೋತ್ಸವಕ್ಕೆ ಸ್ಪರ್ಧೆ, ರಂಗೋಲಿ ಹಾಕಿದರೂ ತೀರ್ಪುಗಾರರು. ಬಣ್ಣ ಕಂಡ ಕಡೆ ಒಂದು, ಎರಡು, ಮೂರು ಎಂದು ನಂಬರ್ ಹಾಕದಿದ್ದರೆ ಕೈ ಕಡಿಯುತ್ತದೆ. ಕಾರ್ಯದರ್ಶಿಗಳು ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ಬೈಯುವುದಾದರೂ ಸುಲಭವಾಗುತ್ತಿತ್ತು. ಪಾಪ, ಈ ಜನಕ್ಕೂ ಪ್ರೋತ್ಸಾಹ ಬೇಡವೇ ಎಂದು, ಮೇಡಂ ನರಸೀಪುರದ ಕ್ಯಾಂಪಿಗೆ ಹೋಗಿದ್ದಾಗ ಬೀರು ತೆಗೆಸಿದರು. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರೊಬ್ಬರನ್ನು ಕರೆಸಿ ತೀರ್ಪು ಕೊಡಿಸಿದರು. ಕಲ್ಯಾಣ ಮಂಟಪದ ವೇದಿಕೆಗೆ ಚಿತ್ರಗಳನ್ನೆಲ್ಲ ಸಾಲಾಗಿ ಅಂಟಿಸಿ, ಕೆಳಗೆ ಬರೆದವರ ಹೆಸರು, ಊರು ಹಾಕಿದರು. ನಮ್ಮನ್ನೂ ಮನೆಯವರನ್ನೂ ಸಿಹಿ ಊಟ ಇದೆ ಬನ್ನಿ ಎಂದಷ್ಟೇ ಕರೆದಿದ್ದರು.

ನನ್ನ ಟ್ರೈಲರಿಗೆ ಸಮಾಧಾನಕರ ಬಹುಮಾನ ಬಂತು. ನನ್ನ ಗಂಡನನ್ನು ಕೊಂದ ಟ್ರೈಲರಿಗೆ ಒಂದು ಸ್ಟೀಲ್ ಡಬ್ಬಿ. ಮೈಕಿನಲ್ಲಿ ನನ್ನ ಹೆಸರು ಕೂಗಿದಾಗ ಅಣ್ಣ ಹೋಗು ಹೋಗು ಎಂದು ಮೊಣಕೈಯಲ್ಲಿ ತಿವಿದ. ನಾನು ಏಳಲಿಲ್ಲ. ಅವರೇ ಡಬ್ಬಿಯನ್ನು ನನ್ನ ಕುರ್ಚಿಗೆ ತಂದುಕೊಟ್ಟು ಫೋಟೋ ತೆಗೆದರು.

ಪ್ರಥಮ ಬಹುಮಾನ ಮಾದೇವಿಗೆ. ಒಂದು ಕುಕ್ಕರ್. ಹೆಂಡತಿಗೆ ಬಹುಮಾನ ಎಂದ ತಕ್ಷಣ ಗಂಡ ಮೀಸೆಯಲ್ಲೇ ನಗುತ್ತಾ ಎದ್ದು ನಿಂತ. ಮುಖ್ಯ ಅತಿಥಿಗಳು ಚಿತ್ರವನ್ನು ಎರಡೂ ಕೈಯಲ್ಲಿ ಎತ್ತಿ ಸಭೆಗೆ ತೋರಿಸಿ, “ಏನಮ್ಮಾ ಇದು, ಸ್ವಲ್ಪ ವಿವರಿಸು,” ಎಂದು ಮೈಕನ್ನು ಅವಳ ಬಾಯಿಗೆ ಹಿಡಿದರು. ಮಾದೇವಿ ಮೈಕಿನಿಂದ ಮುಖ ಹಿಂದಕ್ಕೆ ತೆಗೆದಳು. ಅವರೇ ವಿವರಿಸಿದರು. ಹಳ್ಳಿಯ ಜೀವನ, ಗೋಸಂಪತ್ತು, ನಮ್ಮ ಸಂಸ್ಕೃತಿ ಎಂದೆಲ್ಲ ಹೇಳಿದರು. ಗಂಡನ ಹಿಂದೆ ಕೂತಿದ್ದ ಅವರೂರಿನವನೊಬ್ಬ ಮುಂದಕ್ಕೆ ಬಗ್ಗಿ, “ಲೇ, ಅದು ನಿಮ್ಮನೆ ಕೊಟ್ಗೆ ಅಲ್ವೇನ್ಲಾ? ನೀನೇ ಬಣ್ಣ ಒಡ್ದಿದ್ಯಲ್ಲ ಆ ಬಾಗ್ಲಿಗೆ,” ಎಂದ. ನಾನು ಅದೇ ಸಾಲಿನಲ್ಲಿದ್ದೆ. ಮಾದೇವಿಯ ಗಂಡನ ಮುಖ ನೋಡಿದೆ. ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಮೇಡಂ ಬಂದರು. ಕ್ಯಾಂಪು ಮುಗಿಸಿ ಬಸ್ಸಿಳಿದು ಬರುತ್ತಿದ್ದ ಹಾಗೇ ಮೈಕಿನಲ್ಲಿ ಹೆಸರುಗಳು ಕೇಳಿಸಿವೆ. ನೆಟ್ಟಗೆ ವೇದಿಕೆ ಹತ್ತಿ, ಹಾರ ಹಾಕಿಕೊಂಡು ಕೂತ ಗಣ್ಯರ ಬೆನ್ನ ಹಿಂದೆ ಒಂದೊಂದೇ ಚಿತ್ರ ಕೀಳತೊಡಗಿದರು. “ಯಾರನ್ನ ಕೇಳಿ ತೆಗ್ಸುದ್ರಿ ಬೀರೂನ? ಯಾರನ್ನ ಕೇಳುದ್ರಿ?” ಮೈಕ್ ಆನ್ ಇತ್ತು, ಊರಿಗೆಲ್ಲ ಕೇಳಿಸಿತು. ಎಲ್ಲವನ್ನೂ ಕಿತ್ತು ಎದೆಗೆ ಅವುಚಿಕೊಂಡರು. ಮಾದೇವಿಯದು ಮಾತ್ರ ಸಿಗಲಿಲ್ಲ. ಫ್ರೇಮ್ ಹಾಕಿಸಬೇಕೆಂದು ಅದನ್ನು ಆಗಲೇ ಕಾರ್ಯದರ್ಶಿಗಳ ಕಾರಿನಲ್ಲಿ ಇಟ್ಟು ಬಾಗಿಲು ಹಾಕಿ ಆಗಿತ್ತು. ಗಂಡ ಮಾದೇವಿಯ ರಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ಕುಕ್ಕರ್ ಹಿಡಿದು ಹೊರಟುಹೋಗಿದ್ದ.

ಗುರುವಾರ ಅವಳು ಬರಲಿಲ್ಲ. ಮಧ್ಯಾಹ್ನದವರೆಗೆ ಕಾದು, “ಬನ್ನಿ ಟೀಚರ್, ಜೊತೆಗೊಬ್ರು ಬೇಕು,” ಎಂದು ಮೇಡಂ ನನ್ನನ್ನು ಹೊರಡಿಸಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಾ ಕೂತಿದ್ದರು. ಮಾದೇವಿಯ ಅತ್ತೆ ಬಾಗಿಲಲ್ಲೇ ತಡೆದರು.

“ತವ್ರಿಗೋಗವ್ಳೆ ಕಣವ್ವ.”

“ಯಾವತ್ತೋದ್ಲು?”

“ನಿಮ್ಗ್ಯಾಕೆ ಅದೆಲ್ಲ? ಮನೆ ಮಾನ ಬೀದಿಗಾಕುದ್ರಿ, ಸಾಕಾಗ್ನಿಲ್ವಾ?”

ಒಳಗೆ ಒಲೆಯ ಮೇಲೆ ಬಹುಮಾನದ ಕುಕ್ಕರ್ ಕೂಗುತ್ತಿತ್ತು. ಮೇಡಂ ಉತ್ತರ ಕೊಡದೆ ಮನೆ ಬಳಸಿಕೊಂಡು ಹಿತ್ತಿಲಿಗೆ ನಡೆದರು. ಆ ಮನೆಗೆ ಅವರು ಹಿಂದೆಂದೂ ಬಂದವರಲ್ಲ. ಆದರೆ ತಿಂಗಳುಗಟ್ಟಲೆ ಅದನ್ನೇ ನೋಡಿದವರು. ನೀಲಿ ಬಾಗಿಲು, ಅದೇ ಎತ್ತರದಲ್ಲಿ ಚಿಲಕ. ಅತ್ತೆ ಹಿಂದಿನಿಂದ ಕೂಗಾಡುತ್ತಿದ್ದರು, ಅಕ್ಕಪಕ್ಕದವರು ಬಂದು ನಿಂತರು. ನಾನಾಗಿದ್ದರೆ ಆ ಚಿಲಕವನ್ನು ಕಿತ್ತೇ ಬಿಸಾಡುತ್ತಿದ್ದೆ. ಮೇಡಂ ಬಾಗಿಲ ಹತ್ತಿರ ಮುಖ ಇಟ್ಟು ಕೇಳಿದರು, “ಮಾದೇವಿ, ನಾನು ಕಣವ್ವ. ತೆಗೀಲಾ?”

ಒಳಗಿನಿಂದ ಸದ್ದಿಲ್ಲ. ಮೇಡಂ ಕಾದರು. ಜನ ಸೇರುತ್ತಿದ್ದಾರೆ, ಹೊಲದಿಂದ ಗಂಡನನ್ನು ಕರೆಯಲು ಯಾರೋ ಓಡುತ್ತಿದ್ದಾರೆ, ಇವರು ಬಾಗಿಲಿಗೆ ಹಣೆ ಕೊಟ್ಟು ನಿಂತೇ ಇದ್ದಾರೆ. ನನಗೆ ಇವರ ಮೇಲೂ ಸಿಟ್ಟು ಬಂತು. ಕೊನೆಗೆ ಒಳಗಿನಿಂದ, “ತೆಗೀರಿ,” ಎಂಬ ದನಿ ಬಂತು. ಆಮೇಲೆ ಚಿಲಕ ತೆಗೆದರು. ಈ ಒಂದು ಘಟನೆ ಹೇಳಿದರೆ ಸಾಕು, ಅವರು ಎಂಥವರು ಎಂದು ಬೇರೆ ಏನೂ ಹೇಳಬೇಕಿಲ್ಲ. ಮೇಡಂ ಫೋನ್ ಮಾಡಿ ಕರೆಸಿದ ಮಾದೇವಿಯ ಅಣ್ಣ ಬನ್ನೂರಿನ ತವರಿನಿಂದ ಬರುವವರೆಗೆ ನಾವು ಮೂವರೂ ಹಿತ್ತಿಲಲ್ಲೇ ಕೂತಿದ್ದೆವು. ಗಂಡ ಬಂದು ಬಾಯಿಗೆ ಬಂದ ಹಾಗೆ ಬೈದ. ಮೇಡಂ ಅವನಿಗಿಂತ ಜೋರಾಗಿ ಬೈದರು.

ಅಕ್ರಮವಾಗಿ ಮನೆ ಹೊಕ್ಕರು ಎಂದು ಗಂಡನ ಕಡೆಯವರು ದೂರು ಕೊಟ್ಟರು. ಸಂಸ್ಥೆಯವರು ಮೇಡಂ ಪರ ನಿಲ್ಲಲಿಲ್ಲ. ಕಾರ್ಯದರ್ಶಿಗಳು ಅವರನ್ನು ಕರೆಸಿ ಹೇಳಿದ್ದನ್ನು ಮೇಡಂ ಆಮೇಲೆ ಎಷ್ಟೋ ಸಲ ಅಣಕಿಸಿ ತೋರಿಸುತ್ತಿದ್ದರು. “ಜನರ ಮನೆ ವಿಷಯಕ್ಕೆ ನಾವು ಕೈ ಹಾಕಬಾರದು ಮೇಡಂ.” ಅದಕ್ಕೆ ಇವರು, “ಚಿತ್ರ ವೇದಿಕೆಗೆ ಆಕ್ದಾಗ ಅದು ಮನೆ ವಿಷ್ಯ ಆಗಿರ್ಲಿಲ್ವಾ ಸಾ?” ಎಂದರಂತೆ. ಆ ತಿಂಗಳೇ ಕೆಲಸದಿಂದ ತೆಗೆದರು. ಕಾರಣ, ಸಂಸ್ಥೆಗೆ ಕೆಟ್ಟ ಹೆಸರು.

ಆಮೇಲೆ ಮೇಡಂ ನರಸೀಪುರದಲ್ಲಿ ಗೊಬ್ಬರದ ಅಂಗಡಿಯ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದರು. ಬಣ್ಣದ ವಾಸನೆಗಿಂತ ಯೂರಿಯಾದ ವಾಸನೆಯೇ ಜಾಸ್ತಿ. ನಾನು, ಮಾದೇವಿ, ಇನ್ನೂ ಕೆಲವರು ಅಲ್ಲಿಗೇ ಹೋಗತೊಡಗಿದೆವು. ಮಾದೇವಿಯ ಅಣ್ಣ ಅವಳನ್ನು ಗಂಡನ ಮನೆಗೆ ಕಳಿಸಲಿಲ್ಲ. ಅವಳು ಬನ್ನೂರಿನಲ್ಲಿ ಹೊಲಿಗೆ ಕಲಿತಳು. ಮೇಡಂ ಮಾತ್ರ ಒಂದು ವಿಷಯ ಬಿಡಲಿಲ್ಲ. ನಂಜನಗೂಡಿಗೆ ಹೋದಾಗಲೆಲ್ಲ ಸಂಸ್ಥೆಯ ಮೆಟ್ಟಿಲು ಹತ್ತಿ, ಆ ಹುಡುಗಿಯ ಚಿತ್ರ ಕೊಡಿ ಎಂದು ಕೇಳುವರು. ಅದು ಫ್ರೇಮಿನೊಳಗೆ ಕಾರ್ಯದರ್ಶಿಗಳ ಕುರ್ಚಿಯ ಹಿಂದೆ ನೇತಾಡುತ್ತಿತ್ತು. ಒಮ್ಮೆ ಅಧ್ಯಕ್ಷರಿಲ್ಲ, ಒಮ್ಮೆ ಕಮಿಟಿಯಲ್ಲಿಡಬೇಕು, ಒಮ್ಮೆ ನೋಡೋಣ ಮೇಡಂ. ಕಿಡ್ನಿ ಕೈಕೊಟ್ಟು ಡಯಾಲಿಸಿಸ್ಸಿಗೆ ಹೋಗುತ್ತಿದ್ದ ದಿನಗಳಲ್ಲೂ ಹೋಗಿ ಕೇಳಿದ್ದಾರೆ. ಕಾಯಿಲೆಯ ವಿಷಯ ನಮಗೆ ಯಾರಿಗೂ ಹೇಳಿರಲಿಲ್ಲ. ನಮ್ಮ ಬಾಯಿಂದ ಎಲ್ಲವನ್ನೂ ಹೊರಡಿಸಿದವರು ತಮ್ಮದನ್ನು ಮಾತ್ರ ಒಬ್ಬರಿಗೂ ಬಿಟ್ಟುಕೊಡಲಿಲ್ಲ. ಇದಕ್ಕಾಗಿ ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಕಾರ್ಡು ಹಿಡಿದುಕೊಂಡು ನಾನು ಕಾರ್ಯದರ್ಶಿಗಳ ಮುಂದೆ ಹೋಗಿ ನಿಂತೆ.

“ಸ್ಮರಣೆ ಮಾಡೋದೂ ತಪ್ಪಾ ಟೀಚರ್?” ಎಂದರು ಅವರು. ಮುಖ ಸಣ್ಣಗಾಗಿತ್ತು, ನಿಜವಾಗಿಯೂ ನೊಂದುಕೊಂಡಿದ್ದರು.

“ಚಿತ್ರ ಕೊಡಿ. ಬರೆದವಳಿಗೆ ಕೊಡ್ತೀನಿ.”

“ಬಹುಮಾನ ಬಂದ ಚಿತ್ರ ಸಂಸ್ಥೆಗೇ ಸೇರುತ್ತೆ. ಎಲ್ಲಾ ಸ್ಪರ್ಧೆಯಲ್ಲೂ ಹಾಗೇ ಅಲ್ವಾ?”

“ಅವಳು ಸ್ಪರ್ಧೆಗೆ ಬರೆದಿರಲಿಲ್ಲ ಸಾರ್.”

“ನೋಡಿ, ಅದು ನಮ್ಮಲ್ಲಿ ಬಂದಿರೋದ್ರಲ್ಲೇ ಬೆಸ್ಟ್ ಚಿತ್ರ,” ಎಂದರು. ಇಂಥವರ ಹತ್ತಿರ ಏನು ಮಾತಾಡುವುದು? ಗೋಡೆಗೆ ಹೇಳಿದ್ದರೆ ಅದಾದರೂ ಅಡ್ಡ ಮಾತಾಡುತ್ತಿರಲಿಲ್ಲ.

ಅಲ್ಲಿಂದ ಬನ್ನೂರಿಗೆ ಹೋದೆ. ಮಾದೇವಿ ಮಷಿನ್ನಿನ ಮುಂದೆ ಕೂತು ಯಾರದೋ ಜಾಕೀಟಿಗೆ ತೋಳು ಹಚ್ಚುತ್ತಿದ್ದಳು. ಕಾರ್ಡು ಕೊಟ್ಟೆ. ದಾರ ಕಚ್ಚಿ ತುಂಡು ಮಾಡಿ, ತುಂಬ ಹೊತ್ತು ನೋಡಿದಳು. ನಾನು ಸಮಾರಂಭಕ್ಕೆ ನುಗ್ಗಿ ಗಲಾಟೆ ಮಾಡುತ್ತೇನೆ, ಆ ಫ್ರೇಮನ್ನು ಎಲ್ಲರ ಮುಂದೆ ನೆಲಕ್ಕೆ ಕುಕ್ಕುತ್ತೇನೆ ಎಂದೆಲ್ಲ ಹೇಳಿದೆ.

“ನೀವ್ಯಾಕ್ ಕುಕ್ತೀರಿ ಟೀಚರಮ್ಮ? ನಂದು ಅದು,” ಎಂದಳು. ಮಷಿನ್ನಿನ ಚಕ್ರವನ್ನು ಕೈಯಲ್ಲೇ ಹಿಡಿದು ನಿಲ್ಲಿಸಿಕೊಂಡಿದ್ದಳು. “ನಾನೇ ಬತ್ತೀನಿ.”

ಸಮಾರಂಭದ ದಿನ ಅದೇ ಕಲ್ಯಾಣ ಮಂಟಪ. ಮೇಡಂ ಫೋಟೋಕ್ಕೆ ದೊಡ್ಡ ಹಾರ. ಅದರ ಪಕ್ಕದಲ್ಲಿ ಒಂದು ಸ್ಟ್ಯಾಂಡಿನ ಮೇಲೆ ಚಿನ್ನದ ಬಣ್ಣದ ಫ್ರೇಮಿನಲ್ಲಿ ಕೊಟ್ಟಿಗೆ. ಮಕ್ಕಳು ಸಾಲಾಗಿ ಬಂದು ಮನಶ್ಶಾಂತಿಯ ಚಿತ್ರಗಳಿಗೆ ಬಹುಮಾನ ತೆಗೆದುಕೊಂಡು ಹೋದರು. ನನ್ನ ಹೆಸರು ಕರೆದಾಗ ಮೈಕಿನ ಮುಂದೆ ನಿಂತು, ನಾನು ಮಾತಾಡುವುದಿಲ್ಲ, ಈ ಚಿತ್ರ ಬರೆದವರು ಬಂದಿದ್ದಾರೆ, ಅವರು ಮಾತಾಡುತ್ತಾರೆ ಎಂದಷ್ಟೇ ಹೇಳಿ ಇಳಿದೆ. ಕಾರ್ಯದರ್ಶಿಗಳಿಗೆ ಖುಷಿಯೋ ಖುಷಿ. ಮೊದಲು ಸನ್ಮಾನ ಆಗಲಿ ಎಂದು ಎದ್ದು ಓಡಾಡಿ, ಯಾರಿಗೋ ತಂದಿದ್ದ ಶಾಲನ್ನು ಮಾದೇವಿಗೆ ಹೊದಿಸಿದರು. ಅವಳು ಬೇಡ ಎನ್ನಲಿಲ್ಲ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಇದು ನನ್ ಗಂಡನ ಮನೆ ಕೊಟ್ಗೆ,” ಎಂದಳು. “ಒಳಗಿರೋದು ನಾನು. ಮಗು ಸತ್ತೋದ್ಮೇಲೆ ನನ್ನ ಇದ್ರೊಳಗೆ ಕೂಡಾಕಿದ್ರು. ಅದ್ನ ಬಾಯಲ್ಲಿ ಯೋಳಕಾಗ್ದೆ ಇಲ್ಲಿ ಬರ್ದೆ. ಮೇಡಂ ಯಾರ್ಗೂ ತೋರುಸ್ನಿಲ್ಲ. ಇವ್ರು ತಗುದು ಊರ್ಗೆಲ್ಲ ತೋರ್ಸಿ ಬಹುಮಾನ ಕೊಟ್ರು. ಬಹುಮಾನ ತಕ್ಕಂಡು ಮನೆಗೋದ ದಿನ, ಮನೆ ಮಾನ ಕಳ್ದೆ ಅಂತ ಒಡುದ್ರು. ಒಡ್ದು ಮತ್ತೆ ಇದ್ರೊಳಗೇ ಆಕಿ ಚಿಲ್ಕ ಜಡುದ್ರು. ಗುರ್ವಾರ ಮೇಡಂ ಬಂದು ತಗ್ಯಗಂಟ ಒಳಗೇ ಇದ್ದೆ. ಅಷ್ಟೇಯ.”

ಮುಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು. ಹಿಂದಿನವರೂ ಸೇರಿಕೊಂಡರು. ವೇದಿಕೆಯ ಮೇಲಿದ್ದವರೂ ತಟ್ಟಿದರು, ಕಾರ್ಯದರ್ಶಿಗಳು ಕಣ್ಣೊರೆಸಿಕೊಳ್ಳುತ್ತಾ ತಟ್ಟಿದರು. ಭಾಷಣ ಮುಗಿಯಿತಲ್ಲ, ತಟ್ಟಬೇಕಲ್ಲ.

ಮಾದೇವಿ ಮೈಕ್ ಬಿಡಲಿಲ್ಲ. ಚಪ್ಪಾಳೆ ಪೂರ್ತಿ ನಿಲ್ಲುವವರೆಗೆ ಹಾಗೇ ಕಾದಳು.

“ಯಾಕ್ ತಟ್ಟುದ್ರಿ?” ಎಂದು ಕೇಳಿದಳು.

ಸಾಲು ಸಾಲಾಗಿ ಎಲ್ಲರ ಮುಖ ನೋಡಿದಳು. ಆಮೇಲೆ ಸ್ಟ್ಯಾಂಡಿನಿಂದ ತನ್ನ ಚಿತ್ರವನ್ನು ಇಳಿಸಿ ಕಂಕುಳಲ್ಲಿಟ್ಟುಕೊಂಡು, ಹೊದಿಸಿದ್ದ ಶಾಲನ್ನು ತೆಗೆದು ಖಾಲಿ ಸ್ಟ್ಯಾಂಡಿಗೆ ಹೊದಿಸಿ, ಮೆಟ್ಟಿಲಿಳಿದು ಬಂದಳು.